ಏಪ್ರಿಲ್‌ನಲ್ಲಿ ಚಳಿ ಮರಳಿದಾಗ ನದಿಯ ಬಾಸ್ ಮೀನು ಎಲ್ಲಿಗೆ ಹೋಗುತ್ತೆ?

ಇವತ್ತಿನ ಪ್ರಶ್ನೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರೋ ಕೇಳುಗರೊಬ್ಬರದ್ದು. ಹೋದ ಶನಿವಾರ ಸಸ್ಕ್ವೆಹಾನಾ ನದಿಯಲ್ಲಿ ಗಾಳ ಹಾಕಿದ ಕಡೆಯೆಲ್ಲ ಬಾಸ್ ಸಿಕ್ತಂತೆ. ಈ ಶನಿವಾರ ದಿಢೀರ್ ಚಳಿ, ಅದೇ ಜಾಗದಲ್ಲಿ ಒಂದೂ ಇಲ್ಲ. ಹಾಗಾದ್ರೆ ಮೀನು ಎಲ್ಲೋಯ್ತು?

ಮೊದಲೇ ಹೇಳಿಬಿಡ್ತೀನಿ, ಇದು ಹೋಟೆಲ್ ಮೆನುವಲ್ಲಿ ಕಾಣೋ ಬಾಸಾ ಅಲ್ಲ. ಇದು ಸ್ಮಾಲ್‌ಮೌತ್ ಬಾಸ್. ಕಲ್ಲುಬಂಡೆ ಇರೋ ನದಿ ಇಷ್ಟಪಡುತ್ತೆ, ಗಾಳಕ್ಕೆ ಸಿಕ್ಕರೆ ನೀರಿಂದ ಮೇಲಕ್ಕೆ ಹಾರುತ್ತೆ.

ವಸಂತ ಬಂತು ಅನ್ನೋವಾಗ್ಲೇ ಚಳಿ ತಿರುಗಿ ಬರೋದು ಅಲ್ಲಿ ಎಷ್ಟು ಮಾಮೂಲಿ ಅಂದ್ರೆ, ಅಪಲಾಚಿಯನ್ ಬೆಟ್ಟಸೀಮೆಯವರು ಆಗ ಅರಳೋ ಹೂವಿನ ಹೆಸರನ್ನೇ ಅದಕ್ಕಿಟ್ಟಿದ್ದಾರೆ: ಡಾಗ್‌ವುಡ್ ವಿಂಟರ್, ಬ್ಲ್ಯಾಕ್‌ಬೆರಿ ವಿಂಟರ್.

ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದ್ರೆ ಮೈಯೂ ತಣ್ಣಗಾಗುತ್ತೆ, ಜೀರ್ಣಶಕ್ತಿ ನಿಧಾನವಾಗುತ್ತೆ, ಹಸಿವೂ ಕಮ್ಮಿ. ನಾನು ಬಿ.ಕಾಂ ಓದಿದವನು, ನನಗೆ ಇದು ಜಮಾಖರ್ಚಿನ ಲೆಕ್ಕದ ಹಾಗೇ ಕಾಣುತ್ತೆ: ಆದಾಯ ಬಿದ್ದಾಗ ಮೊದಲು ಖರ್ಚು ಕಡಿಮೆ ಮಾಡ್ತೀವಿ. ಸೆಳವಿಗೆ ಎದುರಾಗಿ ಈಜೋದೇ ಬಾಸ್‌ಗೆ ದೊಡ್ಡ ಖರ್ಚು. ಆಳಕ್ಕಿಳಿದ್ರೆ ಬೆಚ್ಚಗಿರುತ್ತಾ? ಹರಿಯೋ ನದಿಯಲ್ಲಿ ಮೇಲಿನ ನೀರು ಕೆಳಗಿನ ನೀರು ಕಲೀತಾನೇ ಇರುತ್ತೆ, ಅದಕ್ಕೇ ಅಂಥ ವ್ಯತ್ಯಾಸ ಸಿಗಲ್ಲ. ಬೆಚ್ಚನೆ ಜಾಗ ಸಿಗದಿದ್ರೂ ನಿಧಾನದ ನೀರು ಸಿಗುತ್ತಲ್ಲ, ಮೀನು ಅಲ್ಲಿಗೆ ಸರಿಯುತ್ತೆ: ದೊಡ್ಡ ಬಂಡೆಯ ಹಿಂದೆ, ದ್ವೀಪದ ಕೆಳತುದಿ, ನೀರು ತಿರುಗಿ ನಿಲ್ಲೋ ಮಡು.

ಅಲ್ಲಿಗೆ ಗಾಳ ಹಾಕಿ, ಆದ್ರೆ ಅವಸರ ಬೇಡ. ತಳಕ್ಕೆ ಮುಟ್ಟಿಸಿದ ಜಿಗ್‌ನ ನಿಧಾನಕ್ಕೆ ಎಳೀಬೇಕು. ನೀರಲ್ಲಿ ತೇಲದೆ ಮುಳುಗದೆ ನಿಲ್ಲೋ ಜರ್ಕ್‌ಬೇಟ್ ಆದ್ರೆ ಒಂದು ಸಲ ಎಳೆದು ಹತ್ತು ಎಣಿಸಿ. ಬೋರ್ ಹೊಡೆಯುತ್ತೆ, ನಿಜ. ಬೆಳಗಿನ ಜಾವ ಎದ್ದು ಹೋಗೋದೂ ಬೇಡ, ಬಿಸಿಲು ಬಿದ್ದ ಮಧ್ಯಾಹ್ನವೇ ವಾಸಿ.

ಸಣ್ಣ ದೋಣಿ, ಕಯಾಕ್‌ನಲ್ಲಿ ಹೋಗೋರಿಗೆ ಒಂದು ಮಾತು. ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಲೈಫ್ ಜಾಕೆಟ್ ಹಾಕಿರಲೇಬೇಕು, ದೋಣಿಯಲ್ಲಿ ಇಟ್ಕೊಂಡ್ರೆ ಸಾಲದು. ಅಷ್ಟು ತಣ್ಣನೆ ನೀರಿಗೆ ಬಿದ್ರೆ ಉಸಿರೇ ಕೈಲಿರಲ್ಲ, ಆಮೇಲೆ ಈಜು ಬಂದ್ರೂ ಕೈಕಾಲು ಆಡಲ್ಲ.

ಈಗ ನನಗೆ ಮುಖ್ಯ ಅನ್ಸಿದ್ದು. ನೀರು ಸುಮಾರು 15 ಡಿಗ್ರಿ ಮುಟ್ಟೋ ಹೊತ್ತಿಗೆ ಗಂಡು ಬಾಸ್ ಬಾಲದಿಂದ ಜಲ್ಲಿಯನ್ನ ಗುಡಿಸಿ ತಟ್ಟೆಯಂಥ ಗೂಡು ಮಾಡುತ್ತೆ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತೆ, ಕಾವಲು ಪೂರ್ತಿ ಅಪ್ಪನದ್ದು. ಅಷ್ಟರಲ್ಲಿ ಜೋರು ಚಳಿ ಬಂದ್ರೆ ಗಂಡು ಗೂಡು ಬಿಟ್ಟು ಹೋಗೋದೂ ಉಂಟು. ಬಿಡದೆ ನಿಂತದ್ದನ್ನ ನಾವು ಗಾಳ ಹಾಕಿ ಎಳೆದ್ರೆ? ಫೋಟೋ ತೆಗೆದು ವಾಪಸ್ ಬಿಡೋ ಆ ಕೆಲವೇ ನಿಮಿಷದಲ್ಲಿ ಬೇರೆ ಮೀನುಗಳು ಮೊಟ್ಟೆ ತಿಂದುಬಿಡಬಹುದು. ‘ಹಿಡಿದು ಬಿಟ್ಬಿಟ್ಟೆ, ಏನೂ ತೊಂದರೆ ಆಗ್ಲಿಲ್ಲ’ ಅನ್ನೋ ಮಾತು ಇಲ್ಲಿ ನಡೆಯಲ್ಲ.

ಸಸ್ಕ್ವೆಹಾನಾದಲ್ಲಂತೂ 2005ರಲ್ಲಿ ಸ್ಮಾಲ್‌ಮೌತ್ ಮರಿಗಳು ಕಾಯಿಲೆ ಬಿದ್ದು ಸಾಯೋದು ಕಂಡುಬಂತು. ಆಮೇಲೆ ನದಿಯ ಮಧ್ಯಭಾಗದಲ್ಲಿ, ಹಿಡಿದ ಬಾಸ್‌ನ ಬಿಡಲೇಬೇಕು ಅಂತ ನಿಯಮವೇ ಬಂತು. ಇಂಥ ನದಿಯಲ್ಲಿ ಒಂದೊಂದು ಗೂಡೂ ಲೆಕ್ಕಕ್ಕೆ ಬರುತ್ತೆ.

ಹಾಗಾಗಿ ನಮ್ಮ ಕೇಳುಗರಿಗೆ ನನ್ನ ಉತ್ತರ ಇದು: ನೀರು ಇನ್ನೂ 10 ಡಿಗ್ರಿ ಆಸುಪಾಸಿದ್ರೆ ಮಡು ಹುಡುಕಿ ಆರಾಮಾಗಿ ಗಾಳ ಹಾಕಿ. ಆಳವಿಲ್ಲದ ಕಡೆ, ಜಲ್ಲಿಯ ಮೇಲೆ ದುಂಡಗೆ ಬೆಳ್ಳಗಿನ ಮಚ್ಚೆ, ಅದರ ಮೇಲೆ ಕದಲದೆ ನಿಂತ ಒಂಟಿ ಮೀನು ಕಂಡ್ರೆ ದಾರ ಸುತ್ತಿಕೊಂಡು ಮುಂದಕ್ಕೆ ಹೋಗಿ. ಹೋಗೋ ಮೊದಲು ಆ ವರ್ಷದ ನಿಯಮ ರಾಜ್ಯದ ಮೀನುಗಾರಿಕೆ ಆಯೋಗದ ವೆಬ್‌ಸೈಟ್‌ನಲ್ಲಿ ನೋಡ್ಕೊಳ್ಳಿ. ಒಂದೇ ನದಿಯಲ್ಲೂ ಒಂದೊಂದು ಭಾಗಕ್ಕೆ ಒಂದೊಂದು ನಿಯಮ ಇರುತ್ತೆ.