ಪೀಪಾಯಿಯ ಡೀಸೆಲ್ಲಿಗೊಂದು ಕೈಪಂಪು

ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂಥ ಬಯಲುಸೀಮೆಯ ಊರಿನಲ್ಲಿ ಉಳುಮೆಯ ದಿನಗಳಿಗೆಂದು ಟ್ರ್ಯಾಕ್ಟರಿನ ಡೀಸೆಲ್ಲನ್ನು ಪೀಪಾಯಿಯಲ್ಲಿ ಕೂಡಿಡುವವರಿದ್ದಾರೆ. ತುಂಬಿದ 200 ಲೀಟರಿನ ಪೀಪಾಯಿಯನ್ನು ಬಾಗಿಸಿ ಸುರಿಯುವುದು ಒಬ್ಬನಿಂದಾಗದು. ಆಗ ಕೊಳವೆ ಇಳಿಬಿಟ್ಟು ಬಾಯಿಂದ ಎಳೆಯುತ್ತಾರೆ. ಇದಕ್ಕಿಂತ ಕೆಟ್ಟ ವಾಡಿಕೆಯನ್ನು ನಾನು ಕಾಣೆ. ಶ್ವಾಸಕೋಶಕ್ಕೆ ಒಂದು ಗುಟುಕು ಇಳಿದರೂ ಪ್ರಾಣಕ್ಕೆ ಸಂಚಕಾರ. ನುಂಗಿದವನಿಗೆ ವಾಂತಿ ಮಾಡಿಸಹೊರಟರೆ ಅದೇ ಎಣ್ಣೆ ಮತ್ತೆ ಶ್ವಾಸನಾಳದ ದಾರಿ ಹಿಡಿದೀತು. ಕೈಪಂಪಿನ ಬೆಲೆಯನ್ನು ಇದರೊಡನೆ ತೂಗಿ ನೋಡಬೇಕು.

ಹಿಡಿಯನ್ನು ಮೇಲೆಕೆಳಗೆ ಆಡಿಸುವ ಪಂಪು ಅಗ್ಗ. ಆದರೆ ಎಣ್ಣೆ ಬಿಟ್ಟುಬಿಟ್ಟು ಚಿಮ್ಮುತ್ತದೆ. ತಿರುಗಿಸುವ ಪಂಪಿನಲ್ಲಿ ಧಾರೆ ಒಂದೇ ಸಮ. ಸುತ್ತಿಗೆ ಕಾಲು ಲೀಟರು ಬಂದರೆ 20 ಲೀಟರಿನ ಡಬ್ಬಿಗೆ 80 ಸುತ್ತು. ಡೀಸೆಲ್ಲಿಗೆ ಬೀಡುಕಬ್ಬಿಣದ ಇಂಥ ಪಂಪೇ ನನ್ನ ಆಯ್ಕೆ. ಒಳಗಿನ ವಾಷರು ಮಾತ್ರ ಎಣ್ಣೆಗೆ ತಾಳುವ ನೈಟ್ರೈಲ್ ರಬ್ಬರಿನದಾಗಿರಲಿ. ಸಾಮಾನ್ಯ ರಬ್ಬರು ಉಬ್ಬಿಹೋಗುತ್ತದೆ. ನೀರು ಡೀಸೆಲ್ಲಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಎಂಜಿನ್ನಿನ ನಾಜಲ್ಲಿಗೆ ಅದೇ ಶತ್ರು. ಆದುದರಿಂದ ಹೀರುಕೊಳವೆಯ ತುದಿ ತಳದಿಂದ ಎರಡು ಬೆರಳು ಮೇಲಿರಬೇಕು.

ಪೆಟ್ರೋಲಿನ ಮಾತೇ ಬೇರೆ. ಹರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತಿನ ಒಂದು ಕಿಡಿ ಅದರ ಆವಿಗೆ ಸಾಕು. ಪರವಾನಗಿಯಿಲ್ಲದೆ 30 ಲೀಟರಿಗಿಂತ ಹೆಚ್ಚು ಇಡುವುದಕ್ಕೆ 1934ರ ಪೆಟ್ರೋಲಿಯಂ ಕಾಯಿದೆಯೂ ಒಪ್ಪುವುದಿಲ್ಲ. ಡೀಸೆಲ್ಲಿನ ಪಂಪನ್ನು ಅದಕ್ಕೆ ಬಳಸಲೇಬಾರದು.

ಅಂಗಡಿಗೆ ಹೋಗುವ ಮುನ್ನ ಪೀಪಾಯಿಯ ಬಾಯಿ ಅಳೆದುಕೊಳ್ಳಿ. ಸಾಮಾನ್ಯವಾಗಿ ದೊಡ್ಡದು ಎರಡು ಅಂಗುಲ, ಚಿಕ್ಕದು ಮುಕ್ಕಾಲು. ಪಂಪು ದೊಡ್ಡದಕ್ಕೆ, ಎಣ್ಣೆ ಎತ್ತುವಾಗ ಗಾಳಿ ಒಳಹೋಗಲು ಚಿಕ್ಕದರ ಬಿರಡೆಯನ್ನು ಸಡಿಲಿಸಿರಬೇಕು.