ಒಂದೇ ಎಳೆಯ ಸ್ವೆಟರ್

ಮನೆಯಲ್ಲಿರುವ ಒಂದು ಪಂಚೆಯನ್ನೂ ಒಂದು ಬನಿಯನ್ನನ್ನೂ ತೆಗೆದುಕೊಂಡು ಎಳೆದು ನೋಡಿ. ಎರಡೂ ಹತ್ತಿಯ ನೂಲಿನವೇ. ಆದರೆ ಪಂಚೆ ಜಗ್ಗುವುದಿಲ್ಲ, ಬನಿಯನ್ ಹಿಗ್ಗುತ್ತದೆ. ಕೈಬಿಟ್ಟರೆ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ನೂಲು ಒಂದೇ ಆಗಿರುವಾಗ ಈ ವ್ಯತ್ಯಾಸ ಬಂದದ್ದೆಲ್ಲಿಂದ?

ಭೂತಗನ್ನಡಿ ಹಿಡಿದರೆ ಉತ್ತರ ಕಾಣುತ್ತದೆ. ಪಂಚೆಯಲ್ಲಿ ಹಾಸಿನ ಎಳೆಗಳು ಉದ್ದಕ್ಕೂ ಹೊಕ್ಕಿನ ಎಳೆಗಳು ಅಡ್ಡಕ್ಕೂ ಹಾದುಹೋಗಿವೆ. ಇದು ನೇಯ್ಗೆ. ಬನಿಯನ್ನಿನಲ್ಲಿ ನೇರವಾದ ಎಳೆಯೇ ಇಲ್ಲ. ಎಲ್ಲವೂ ಕುಣಿಕೆಗಳು, ಒಂದು ಕುಣಿಕೆಯೊಳಗಿನಿಂದ ಇನ್ನೊಂದನ್ನು ಎಳೆದು ಮಾಡಿದ ಸಾಲುಗಳು. ಇದು ಹೆಣಿಗೆ. ಬನಿಯನ್ನನ್ನು ಎಳೆದಾಗ ನೂಲು ಉದ್ದವಾಗುವುದಿಲ್ಲ. ಬಾಗಿದ ಕುಣಿಕೆಗಳು ಚಪ್ಪಟೆಯಾಗಿ ನೇರವಾಗಲು ಹವಣಿಸುತ್ತವೆ, ಅಷ್ಟೆ. ಬನಿಯನ್ ಯಂತ್ರದ ಕೆಲಸ, ಸ್ವೆಟರ್ ಅಜ್ಜಿ ಅಮ್ಮಂದಿರ ಕೈಕೆಲಸ. ರಚನೆ ಮಾತ್ರ ಒಂದೇ.

ಈ ಕುಣಿಕೆಗಳ ಗುಣ ನನಗೆ ಅರಿವಾದದ್ದು ಒಂದು ಅವಘಡದಿಂದ. ನಮ್ಮೂರು ಸಕಲೇಶಪುರ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಸ್ವೆಟರ್ ಇಲ್ಲದೆ ಕಾಲೇಜಿಗೆ ಹೋಗುವಂತಿರಲಿಲ್ಲ. ಪಿಯುಸಿ ಓದುವಾಗ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಬ್ಯೂರೆಟ್ ಸ್ಟ್ಯಾಂಡಿನ ತಿರುಪಿಗೆ ನನ್ನ ಮೆರೂನ್ ಸ್ವೆಟರಿನ ಒಂದು ಎಳೆ ಸಿಕ್ಕಿಕೊಂಡಿತು. ಬಿಡಿಸುವ ತಾಳ್ಮೆ ಇಲ್ಲದೆ ಎಳೆದೆ; ಎಳೆ ಕಡಿಯಿತು. ಅಂದು ಕಂಡದ್ದು ಕಡಲೆಕಾಳಿನಷ್ಟು ತೂತು. ಅಮ್ಮನಿಗೆ ಹೇಳದೆ ಒಂದು ವಾರ ಹಾಗೆಯೇ ಹಾಕಿಕೊಂಡು ತಿರುಗಿದೆ. ಅಷ್ಟರಲ್ಲಿ ತೂತಿನಿಂದ ಕೆಳಕ್ಕೆ ಏಣಿಯಂತೆ ಒಂದು ಗೆರೆ ಬಿಚ್ಚಿಕೊಂಡಿತ್ತು. ಒಂದು ಕುಣಿಕೆ ತನ್ನ ಕೆಳಗಿನ ಕುಣಿಕೆಯನ್ನು ಹಿಡಿದಿಟ್ಟಿರುತ್ತದೆ. ಮೇಲಿನದು ಕಳಚಿದರೆ ಕೆಳಗಿನದಕ್ಕೆ ಆಸರೆ ಇಲ್ಲ.

ಅಮ್ಮ ಬೈಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೈದುಕೊಂಡೇ ಒಂದು ಕ್ರೋಷಾ ಕಡ್ಡಿ ತಂದು, ಏಣಿಯ ತಳದಲ್ಲಿ ತೂಗುತ್ತಿದ್ದ ಕುಣಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ, ಮೇಲಿನ ಅಡ್ಡ ಎಳೆಯನ್ನು ಅದರೊಳಗಿನಿಂದ ಎಳೆದರು. ಹೊಸ ಕುಣಿಕೆಯಾಯಿತು. ಮತ್ತೆ ಅದರ ಮೇಲಿನ ಎಳೆ, ಮತ್ತೊಂದು ಕುಣಿಕೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತೂತಿನವರೆಗೆ ಹತ್ತಿ, ಅಲ್ಲಿ ಅದೇ ಬಣ್ಣದ ತುಂಡು ಉಲ್ಲನ್ನಿನಿಂದ ಕಡಿದ ಜಾಗವನ್ನು ಕೂಡಿಸಿದರು. ಹತ್ತು ನಿಮಿಷವೂ ಆಗಲಿಲ್ಲ. ಬಟ್ಟೆಯೊಂದು ಕಣ್ಣೆದುರೇ ಹಿಂದಿನ ಸ್ಥಿತಿಗೆ ಮರಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೆಣಿಗೆಯಲ್ಲಿ ಮೂಲತಃ ಇರುವುದು ಎರಡೇ ಬಗೆಯ ಕುಣಿಕೆ: ಹಿಂದಿನಿಂದ ಮುಂದಕ್ಕೆ ಎಳೆದದ್ದು, ಮುಂದಿನಿಂದ ಹಿಂದಕ್ಕೆ ಎಳೆದದ್ದು. ನಿಟ್, ಪರ್ಲ್ ಎಂದು ಹೆಣೆಯುವವರು ಹೇಳುವುದು ಇವನ್ನೇ. ಒಂದೇ ಕುಣಿಕೆಯನ್ನು ಮುಂಭಾಗ ಮತ್ತು ಹಿಂಭಾಗದಿಂದ ನೋಡಿದರೆ ಕಾಣುವ ಎರಡು ಮುಖಗಳು ಎಂದರೂ ಸರಿಯೇ. ಇವುಗಳ ಜೋಡಣೆಯಲ್ಲೇ ಎಲ್ಲ ಚಮತ್ಕಾರ ಅಡಗಿದೆ. ಮುಂಭಾಗದಲ್ಲಿ ಬರೀ ನಿಟ್ ಕಾಣುವಂತೆ ಹೆಣೆದರೆ ಬಟ್ಟೆ ಅಂಚಿನಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಎರಡನ್ನೂ ಕಂಬ ಕಂಬವಾಗಿ ಅಕ್ಕಪಕ್ಕ ಇಟ್ಟರೆ ಸೊಂಟದ ಪಟ್ಟಿಯಂತೆ ಅಡ್ಡಕ್ಕೆ ಚೆನ್ನಾಗಿ ಹಿಗ್ಗುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಭೌತವಿಜ್ಞಾನಿ ಎಲಿಸಬೆಟ್ಟಾ ಮಾಟ್ಸುಮೊಟೊ ಮತ್ತು ಸಂಗಡಿಗರು ಇದನ್ನೇ ಗಣಿತದ ಮೂಲಕ ಅಧ್ಯಯನ ಮಾಡಿ, ನೂಲನ್ನು ಬದಲಿಸದೆ ಜೋಡಣೆಯನ್ನಷ್ಟೇ ಬದಲಿಸಿದರೆ ಬಟ್ಟೆಯ ಬಿಗುವು ಹೇಗೆ ಬದಲಾಗುತ್ತದೆ ಎಂಬುದನ್ನು 2024ರಲ್ಲಿ ಪ್ರಕಟಿಸಿದರು. ಅಮ್ಮನಿಗೆ ಇದನ್ನು ಹೇಳಿದಾಗ, ಅದಕ್ಕೆ ಲೆಕ್ಕ ಯಾಕೆ ಬೇಕು, ಕೈಗೆ ಗೊತ್ತಾಗುವುದಿಲ್ಲವೇ ಎಂದರು.

ಲೆಕ್ಕ ಅವರಿಗೂ ಬೇಕಿತ್ತೆನ್ನಿ. ನಮ್ಮ ಮನೆಯ ಹೆಣಿಗೆ ಕಡ್ಡಿಗಳು ಹಳೆಯ ಬ್ರಿಟಿಷ್ ಅಳತೆಯವು; ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಎಂದರೆ 4 ಮಿಲಿಮೀಟರ್, 10 ಎಂದರೆ 3.25. ಭೌತಶಾಸ್ತ್ರದ ಪ್ರಯೋಗಾಲಯದ ತಂತಿಗಳ ಗೇಜ್ ಕೂಡ ಹೀಗೆಯೇ ತಲೆಕೆಳಗು ಎಂದು ನಿಮಗೆ ಗೊತ್ತಿರಬಹುದು. 8ನೇ ನಂಬರ್ ಕಡ್ಡಿಯಲ್ಲಿ, ಅದಕ್ಕೆ ಹೊಂದುವ ನೂಲಿನಲ್ಲಿ 10 ಸೆಂಟಿಮೀಟರ್ ಅಗಲಕ್ಕೆ ಸುಮಾರು 22 ಕುಣಿಕೆ, ಅಷ್ಟೇ ಎತ್ತರಕ್ಕೆ ಸುಮಾರು 28 ಸಾಲು ಬರುತ್ತವೆ. 50 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಮುಂಭಾಗಕ್ಕೆ ಎಷ್ಟಾಯಿತು? 110ನ್ನು 168ರಿಂದ ಗುಣಿಸಿ: 18,480. ಬೆನ್ನು, ತೋಳುಗಳು ಇನ್ನೂ ಬಾಕಿ. ಪ್ರತಿಯೊಂದು ಕುಣಿಕೆಯೂ ಬೆರಳ ತುದಿಯನ್ನು ದಾಟಿ ಬಂದದ್ದು. (1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕೈಹೆಣಿಗೆ ಆದರೂ ನಿಲ್ಲಲಿಲ್ಲ.)

ಹೆಣೆದ ಬಟ್ಟೆಯ ಇನ್ನೊಂದು ಗುಣವೆಂದರೆ ಅದನ್ನು ಬಿಚ್ಚಿ ಮತ್ತೆ ನೂಲಾಗಿಸಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೂ ರೇಷನ್ ಇತ್ತು. ಹಳೆಯದನ್ನೇ ರಿಪೇರಿ ಮಾಡಿ ಉಡುವುದು ಹೇಗೆಂದು 1943ರಲ್ಲಿ ಸರ್ಕಾರವೇ ಪುಸ್ತಿಕೆ ಹೊರಡಿಸಿತು. ಹಳೆಯ ಸ್ವೆಟರ್ ಬಿಚ್ಚಿ ಹೊಸದನ್ನು ಹೆಣೆಯುವುದು ಆಗ ಮನೆಮನೆಯ ಕೆಲಸವಾಗಿತ್ತು. ನೇಯ್ದ ಬಟ್ಟೆಗೆ ಈ ಸೌಲಭ್ಯವಿಲ್ಲ. ಸವೆದ ಸೀರೆಯನ್ನು ಯಾರೂ ನೂಲಾಗಿ ಬಿಚ್ಚುವುದಿಲ್ಲ. ಅದಕ್ಕೇ ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಹಳೆಯ ಸೀರೆಗಳನ್ನು ಪದರವಾಗಿ ಹಾಸಿ ಕೌದಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಮಹಿಳೆಯರು ಇಂಥದೇ ಹೊದಿಕೆಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಅದರ ಬಗ್ಗೆ ಬೇರೆಯೇ ಲೇಖನ ಬರೆಯಬೇಕು.

ಈಗ ನನ್ನ ಮೆರೂನ್ ಸ್ವೆಟರಿನ ವಿಷಯ. ಟೆಲಿವಿಷನ್ ಸ್ಟುಡಿಯೋದಲ್ಲಿ ಯಂತ್ರಗಳಿಗಾಗಿ ವರ್ಷವಿಡೀ ತಂಪು ಮಾಡಿರುತ್ತಾರೆ. ಬೇಸಿಗೆಯಲ್ಲೂ ಕಂಟ್ರೋಲ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ಕೂರುವವನು ನಾನು. ಹಾಗಾಗಿ ಅದು ಇಪ್ಪತ್ತು ವರ್ಷಕ್ಕೂ ಮೀರಿ ನನ್ನೊಡನೆ ಉಳಿಯಿತು. ಮೊಣಕೈ ಸವೆದಾಗಲೆಲ್ಲ ಉರಿದುಹೋದ ಬಲ್ಬನ್ನು ತೋಳಿನೊಳಗೆ ತೂರಿಸಿ, ಅದರ ಉಬ್ಬಿನ ಮೇಲೆ ಸೂಜಿಯಿಂದ ರಫು ಮಾಡಿಕೊಳ್ಳುವಷ್ಟು ಕಲಿತೆ. ಎರಡು ವರ್ಷದ ಹಿಂದೆ ಪೆಟ್ಟಿಗೆ ತೆಗೆದು ನೋಡುತ್ತೇನೆ, ಎದೆಯ ಮೇಲೆ, ಬೆನ್ನಿನ ಮೇಲೆ ನುಸಿ ತಿಂದ ತೂತುಗಳು. ಉಣ್ಣೆ ಎಂದರೆ ಕೆರಾಟಿನ್, ನಮ್ಮ ಕೂದಲು ಉಗುರುಗಳಲ್ಲಿರುವ ಪ್ರೋಟೀನೇ. ಬಟ್ಟೆನುಸಿಯ ಮರಿಹುಳುವಿಗೆ ಅದು ಆಹಾರ. ರೆಕ್ಕೆ ಬಂದ ನುಸಿ ಉಣ್ಣೆ ತಿನ್ನುವುದಿಲ್ಲ. ಪಕ್ಕದಲ್ಲೇ ಇದ್ದ ಅಕ್ರಿಲಿಕ್ ಸ್ವೆಟರನ್ನು ಹುಳು ಮುಟ್ಟಿಯೂ ಇರಲಿಲ್ಲ.

ರಫು ಮಾಡಲು ತೂತುಗಳು ಹೆಚ್ಚಾದವು. ಬಿಚ್ಚಿ ಮಗಳಿಗೆ ಹೊಸದಾಗಿ ಹೆಣೆಯಬಹುದಿತ್ತು. ಆದರೆ ಅಮ್ಮನಿಗೆ ಈಗ ಕೈ ನಡುಗುತ್ತದೆ, ಕಡ್ಡಿ ಹಿಡಿಯಲಾಗದು. ಅವರ ಕೈಯ ಹೆಣಿಗೆಯಾಗಿ ನನ್ನ ಬಳಿ ಉಳಿದದ್ದು ಅದೊಂದೇ. ಬಿಚ್ಚಿದರೆ ನೂಲು ಉಳಿಯುತ್ತದೆ, ಆ ಸಾವಿರಾರು ಕುಣಿಕೆಗಳು ಉಳಿಯುವುದಿಲ್ಲ. ತಿಂಗಳುಗಟ್ಟಲೆ ಯೋಚಿಸಿ, ಕೊನೆಗೆ ಸ್ವೆಟರನ್ನು ಊರಿಗೆ ಒಯ್ದು ಅವರ ಮುಂದಿಟ್ಟೆ. ಅವರು ತೋಳನ್ನು ತಿರುಗಿಸಿ ನೋಡಿ ಹೇಳಿದ್ದು ಇಷ್ಟೆ: "ಬಿಚ್ಚೋದಾದ್ರೆ ಕತ್ತಿನ ಕಡೆಯಿಂದ ಬಿಚ್ಚೋ ಮಾರಾಯ. ಕೆಳಗಿಂದ ಶುರು ಮಾಡಿದ್ರೆ ಗೋಜಲಾಗುತ್ತೆ."

ಅದು ನಿಜ. ಹೆಣಿಗೆ ಮುಗಿಸಿದ ತುದಿಯಿಂದ ಮಾತ್ರ ಎಳೆ ಸಲೀಸಾಗಿ ಬಿಚ್ಚುತ್ತದೆ. ನಾನು ಎಳೆಯುತ್ತ ಹೋದೆ, ಮಗಳು ಉಂಡೆ ಸುತ್ತಿದಳು. ಉಂಡೆ ಮುಗಿದು ಹೊಸದನ್ನು ಜೋಡಿಸಿದ ಗಂಟುಗಳೆಲ್ಲ ಬದಿಯ ಅಂಚಿನಲ್ಲೇ ಇದ್ದವು, ಒಂದೂ ಎದುರಿಗೆ ಬಂದಿರಲಿಲ್ಲ. ಬೆನ್ನಿನ ಮೇಲೆ ಒಂದು ಕಡೆ ಮಾತ್ರ ನಿಟ್ ಬರಬೇಕಾದಲ್ಲಿ ಪರ್ಲ್ ಬಂದಿತ್ತು. ಇಷ್ಟು ವರ್ಷ ಬೆನ್ನ ಮೇಲೆ ಹೊತ್ತು ತಿರುಗಿದರೂ ನನಗೆ ಅದು ಕಂಡಿರಲಿಲ್ಲ. ಅಮ್ಮನನ್ನು ಕೇಳಿದೆ. ಕರೆಂಟು ಹೋಗಿರಬೇಕು ಎಂದರು.

ಬಿಚ್ಚಿದ ನೂಲು ನೂಡಲ್ಸಿನಂತೆ ಸುರುಳಿಯಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ನೆರಳಿನಲ್ಲಿ ತೂಗುಹಾಕಬೇಕು. ಕೆರಾಟಿನ್ನಿನ ಸರಪಳಿಗಳ ನಡುವಿನ ಜಲಜನಕ ಬಂಧಗಳು ನೀರಿನಲ್ಲಿ ಸಡಿಲವಾಗಿ, ಒಣಗುವಾಗ ಹೊಸ ಆಕಾರದಲ್ಲಿ ಮತ್ತೆ ಕೂಡುತ್ತವೆ. ಗುಂಗುರು ಕೂದಲು ಒದ್ದೆಯಾದಾಗ ನೇರವಾಗುವುದನ್ನು ನೆನಪಿಸಿಕೊಳ್ಳಿ. ನುಸಿ ಕಡಿದ ತುಂಡುಗಳನ್ನು ಗಂಟಿಲ್ಲದೆ ಸೇರಿಸಲೂ ಉಪಾಯವಿದೆ. ಎರಡು ತುದಿಗಳನ್ನು ಬಿಡಿಸಿ, ಒದ್ದೆ ಮಾಡಿ, ಒಂದರ ಮೇಲೊಂದಿಟ್ಟು ಅಂಗೈಗಳ ನಡುವೆ ಬಿಸಿಯಾಗುವಂತೆ ಉಜ್ಜಬೇಕು. ಉಣ್ಣೆಯ ಮೇಲ್ಮೈಯಲ್ಲಿ ಮೀನಿನ ಹುರುಪೆಯಂಥ ಚಕ್ಕೆಗಳಿವೆ. ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಉಣ್ಣೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಕುಗ್ಗಿಹೋಗುವುದೂ ಇದರಿಂದಲೇ. ಅಕ್ರಿಲಿಕ್ಕಿನಲ್ಲಿ ಈ ಉಜ್ಜಾಟ ನಡೆಯುವುದಿಲ್ಲ, ಗಂಟೇ ಗತಿ. ಯಾವುದು ಯಾವುದೆಂದು ಗೊತ್ತಾಗದಿದ್ದರೆ, ಹಿರಿಯರ ಎದುರಿನಲ್ಲಿ ಒಂದಿಂಚು ನೂಲನ್ನು ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ: ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ನಾನು ಹೆಣೆದ ವೇಗದಲ್ಲಿ ಹೊಸ ಸ್ವೆಟರಿಗೆ ಏಳು ತಿಂಗಳು ಹಿಡಿಯಿತು. ಅಮ್ಮ ಪಕ್ಕದಲ್ಲಿ ಕುಳಿತು ಎರಡು ಸಲ ಪೂರ್ತಿ ಬೆನ್ನನ್ನೇ ಬಿಚ್ಚಿಸಿದರು. ನುಸಿ ತಿಂದ ಪಾಲು ಕಳೆದು ತೋಳಿಗೆ ನೂಲು ಸಾಲದೆ, ಮಣಿಕಟ್ಟಿನ ಕಡೆ ನಾಲ್ಕು ಬೆರಳಗಲ ಸಾಸಿವೆ ಬಣ್ಣದ್ದನ್ನು ಸೇರಿಸಿದೆ. ಬೇಕೆಂದೇ ಹಾಗೆ ಮಾಡಿಸಿಕೊಂಡದ್ದು ಎಂದು ಮಗಳು ಗೆಳತಿಯರಿಗೆ ಹೇಳಿಕೊಂಡಿದ್ದಾಳೆ. ಮೊನ್ನೆ ಶಾಲೆಯಿಂದ ಬಂದವಳು ಎಡತೋಳನ್ನು ಬೆನ್ನ ಹಿಂದೆ ಮರೆಮಾಡಿಕೊಂಡಿದ್ದಳು. ನೋಡಿದರೆ ಸೈಕಲ್ಲಿನ ಬ್ರೇಕಿಗೆ ಸಿಕ್ಕಿ ಒಂದು ಎಳೆ ಹೊರಬಂದಿತ್ತು. ಕ್ರೋಷಾ ಕಡ್ಡಿ ಊರಿನಲ್ಲೇ ಉಳಿದಿದೆ. ಸದ್ಯಕ್ಕೆ ಒಂದು ಪಿನ್ನು ಚುಚ್ಚಿ ಕುಣಿಕೆಯನ್ನು ಹಿಡಿದಿಟ್ಟಿದ್ದೇನೆ.