ಕೆವಿಎಂ: ಕರ್ನಲ್‌ನಲ್ಲೇ ಸೇರಿಸಬೇಕೆ, ಮಾಡ್ಯೂಲ್ ಆಗಿ ಇಡಬೇಕೆ?

ಲಿನಕ್ಸ್ ಕರ್ನಲನ್ನು ತಾವೇ ಕಂಪೈಲ್ ಮಾಡಲು ಕೂತವರಿಗೆ ವರ್ಚುವಲೈಸೇಶನ್ ಸಾಲು ಬಂದಾಗ ಗೊಂದಲವಾಗುವುದು ಸಹಜ. ವರ್ಚುವಲ್ ಮಷೀನ್ ಓಡಿಸಲು ಕರ್ನಲ್ ಕೊಡುವ ಸೌಲಭ್ಯವಾದ ಕೆವಿಎಂ ಎದುರು 'ವೈ' ಒತ್ತಿದರೆ ಅದು ಕರ್ನಲ್‌ನಲ್ಲೇ ಸೇರಿಹೋಗುತ್ತದೆ. 'ಎಂ' ಒತ್ತಿದರೆ ಹಾಕಿ ತೆಗೆಯಬಹುದಾದ ಮಾಡ್ಯೂಲ್ ಆಗುತ್ತದೆ. 2007ರಲ್ಲಿ 2.6.20 ಆವೃತ್ತಿಯೊಂದಿಗೆ ಕೆವಿಎಂ ಕರ್ನಲ್‌ಗೆ ಬಂತು. ಈ ಆಯ್ಕೆಯ ಬಗ್ಗೆ ಕೆಲವು ತಪ್ಪು ನಂಬಿಕೆಗಳು ಇಂದಿಗೂ ಚಾಲ್ತಿಯಲ್ಲಿವೆ.

ನಂಬಿಕೆ: ಕರ್ನಲ್‌ನಲ್ಲೇ ಇದ್ದರೆ ವರ್ಚುವಲ್ ಮಷೀನ್ ವೇಗವಾಗಿ ಓಡುತ್ತದೆ.

ಸತ್ಯ: ಇಂಟೆಲ್‌ನ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ನೆರವಿನಿಂದ ವರ್ಚುವಲ್ ಮಷೀನ್‌ನ ಕೋಡ್ ನೇರವಾಗಿ ಸಿಪಿಯು ಮೇಲೇ ಓಡುತ್ತದೆ. ಲೋಡ್ ಆದ ಮಾಡ್ಯೂಲ್ ಕೂಡ ಕರ್ನಲ್‌ನ ಭಾಗವೇ. ಅದಕ್ಕೂ ಅಷ್ಟೇ ಅಧಿಕಾರ. ದಿನನಿತ್ಯದ ಬಳಕೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮಷೀನ್ ತೆವಳುತ್ತಿದ್ದರೆ ಡಿಸ್ಕ್, ನೆಟ್‌ವರ್ಕ್‌ಗಳಿಗೆ ವರ್ಟಿಯೋ ಡ್ರೈವರ್ ಹಾಕಿದ್ದೀರಾ ನೋಡಿ. ಕೆವಿಎಂ ಡಿವೈಸ್ ಫೈಲ್‌ಗೆ ನಿಮ್ಮ ಬಳಕೆದಾರ ಖಾತೆಗೆ ಅನುಮತಿ ಇದೆಯೇ ಎಂದೂ ನೋಡಿ. ಅನುಮತಿ ಇಲ್ಲದಿದ್ದರೆ, ವರ್ಚುವಲ್ ಮಷೀನ್ ಓಡಿಸುವ ಕೆಮು ತಂತ್ರಾಂಶ ಎಲ್ಲವನ್ನೂ ಸಾಫ್ಟ್‌ವೇರ್‌ನಲ್ಲೇ ಅನುಕರಿಸುತ್ತಿರಬಹುದು. ಹಾಗಾದಾಗ ವೇಗ ನಿಜಕ್ಕೂ ನೆಲಕಚ್ಚುತ್ತದೆ.

ನಂಬಿಕೆ: ಮಾಡ್ಯೂಲ್ ಆಗಿದ್ದರೆ ನಾನು ಕರೆಯುವವರೆಗೂ ಅದು ಬರುವುದಿಲ್ಲ. ಬಂದರೂ ವರ್ಚುವಲ್ ಮಷೀನ್ ಶುರುವಾಗುವವರೆಗೆ ಸುಮ್ಮನಿರುತ್ತದೆ.

ಸತ್ಯ: ಹೆಚ್ಚು ಜನರಿಗೆ ತೊಂದರೆ ಕೊಡುವ ನಂಬಿಕೆ ಇದೇ. ಸಿಪಿಯುವಿನಲ್ಲಿ ವರ್ಚುವಲೈಸೇಶನ್ ಸೌಲಭ್ಯ ಕಂಡರೆ, ಸಾಧನಗಳನ್ನು ನಿರ್ವಹಿಸುವ ಯುಡೆವ್ ಬೂಟ್ ಆಗುವಾಗಲೇ ಮಾಡ್ಯೂಲನ್ನು ಲೋಡ್ ಮಾಡಿಬಿಡುತ್ತದೆ. ಹಿಂದೆ ಅದು ಸುಮ್ಮನಿರುತ್ತಿದ್ದುದು ನಿಜ. ಮೊದಲ ವರ್ಚುವಲ್ ಮಷೀನ್ ಶುರುವಾದಾಗಲೇ ಸಿಪಿಯುವಿನ ವರ್ಚುವಲೈಸೇಶನ್ ಚಾಲೂ ಆಗುತ್ತಿತ್ತು. 2024ರ 6.12 ಆವೃತ್ತಿಯಿಂದ ಲೋಡ್ ಆದ ಕ್ಷಣದಲ್ಲೇ ಚಾಲೂ ಮಾಡುವುದು ರೂಢಿಯಾಯಿತು. ನಿನ್ನೆಯವರೆಗೆ ಓಡುತ್ತಿದ್ದ, ವಿಟಿ-ಎಕ್ಸನ್ನೇ ಬಳಸುವ ಮತ್ತೊಂದು ತಂತ್ರಾಂಶವಾದ ವರ್ಚುವಲ್‌ಬಾಕ್ಸ್, ಕರ್ನಲ್ ಅಪ್‌ಡೇಟ್ ಆದ ಮೇಲೆ ವಿಟಿ-ಎಕ್ಸ್ ಬೇರೆಯವರ ಕೈಯಲ್ಲಿದೆ ಎಂದು ದೂರಿ ನಿಂತುಹೋದದ್ದು ಇದರಿಂದಲೇ. ಕೆವಿಎಂ ಅನ್ನು ಮಾಡ್ಯೂಲ್ ಆಗಿ ಇಟ್ಟಿದ್ದವರು ಒಂದು ಕಮಾಂಡ್‌ನಲ್ಲಿ ಅದನ್ನು ತೆಗೆದು ಕೆಲಸ ಮುಂದುವರಿಸಿದರು. 'ವೈ' ಒತ್ತಿದ್ದವರಿಗೆ ಆ ದಾರಿ ಇರಲಿಲ್ಲ. ಅವರು ಬೂಟ್ ಸಾಲಿನಲ್ಲಿ ಕೆವಿಎಂನ 'ಎನೇಬಲ್ ವರ್ಟ್ ಅಟ್ ಲೋಡ್' ನಿಯತಾಂಕವನ್ನು ಸೊನ್ನೆ ಮಾಡಿ ರೀಬೂಟ್ ಮಾಡಬೇಕಾಯಿತು.

ನಂಬಿಕೆ: ಸೆಟ್ಟಿಂಗ್ ಎಲ್ಲಿ ಬರೆದರೂ ಒಂದೇ.

ಸತ್ಯ: ವರ್ಚುವಲ್ ಮಷೀನ್ ಒಳಗೆ ಮತ್ತೊಂದನ್ನು ಓಡಿಸುವ 'ನೆಸ್ಟೆಡ್' ಆಯ್ಕೆಯನ್ನೇ ತೆಗೆದುಕೊಳ್ಳಿ. ಮಾಡ್‌ಪ್ರೋಬ್ ಫೈಲ್‌ನಲ್ಲಿ ಬರೆದ ಸಾಲನ್ನು ಕರ್ನಲ್‌ನಲ್ಲೇ ಸೇರಿದ ಕೆವಿಎಂ ಓದುವುದೇ ಇಲ್ಲ. ಅದಕ್ಕೆ ಬೂಟ್ ಸಾಲಿನಲ್ಲೇ ಹೇಳಬೇಕು.

ನಂಬಿಕೆ: 'ಎಂ' ಆಯ್ಕೆ ಕಾಣದಿದ್ದರೆ ಏನೋ ದೋಷವಿದೆ.

ಸತ್ಯ: 64 ಬಿಟ್ ಆರ್ಮ್ ಯಂತ್ರಗಳಲ್ಲಿ ಆ ಆಯ್ಕೆ ಇಲ್ಲವೇ ಇಲ್ಲ. ಅಲ್ಲಿ ಹೈಪರ್‌ವೈಸರ್‌ನ ಮಟ್ಟವನ್ನು ಬೂಟ್ ಹೊತ್ತಿನಲ್ಲೇ ಹಿಡಿದಿಡಬೇಕಾದ್ದರಿಂದ ಕೆವಿಎಂ ಕರ್ನಲ್‌ನೊಳಗೇ ಇರುತ್ತದೆ.

ಮಾಡ್ಯೂಲ್ ಸೌಲಭ್ಯವನ್ನೇ ಭದ್ರತೆಗಾಗಿ ತೆಗೆದುಹಾಕಿದ, ವರ್ಚುವಲ್ ಮಷೀನ್‌ಗಳಿಗೆಂದೇ ಮೀಸಲಾದ ಸರ್ವರ್‌ಗೆ 'ವೈ' ಸರಿ. ಇಂಟೆಲ್ ಅಥವಾ ಎಎಂಡಿ ಸಿಪಿಯು ಇರುವ ನಿಮ್ಮ ಮೇಜಿನ ಮೇಲಿನ ಯಂತ್ರಕ್ಕೆ 'ಎಂ' ಒತ್ತಿ.